ಮಳೆಗೆ ಮ್ಯಾನ್‌ಹೋಲ್ ಉಕ್ಕುತ್ತದೆ. ದೊಡ್ಡ ಪೈಪ್ ಹಾಕಿದರೆ ಸರಿಯಾಗುತ್ತದಾ?

ತಗ್ಗಿನಮನೆ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರಿನಲ್ಲಿ ಗುಡ್ಡೆಯ ಬುಡದ ಒಂದು ಅಡ್ಡರಸ್ತೆ. ರಸ್ತೆ ಮೇಲಿನಿಂದ ಇಳಿದು ಬಂದು ಸರಿಯಾಗಿ ನಮ್ಮ ಗೇಟಿನ ಎದುರು ಸಮತಟ್ಟಾಗುತ್ತದೆ. ಅಲ್ಲಿಂದ ಐವತ್ತು ಹೆಜ್ಜೆ ಹೋದರೆ ತೋಡು (ಸಣ್ಣ ಹಳ್ಳ). ಆ ಸಮತಟ್ಟು ಜಾಗದಲ್ಲೇ ಒಳಚರಂಡಿಯ ಒಂದು ಮ್ಯಾನ್‌ಹೋಲ್ ಇದೆ. ಬೇಸಿಗೆಯಲ್ಲಿ ಅದು ಅಲ್ಲಿ ಉಂಟು ಅಂತಲೇ ನೆನಪಾಗುವುದಿಲ್ಲ.

ಜೂನ್ ಬಂದ ಮೇಲೆ ಕಥೆ ಬೇರೆ. ಮಳೆ ಹಿಡಿದು ಅರ್ಧ ಗಂಟೆ ಆಗಿರುತ್ತದೆ. ಮೊದಲು ಒಳಗಿನಿಂದ ಗುಳುಗುಳು ಸದ್ದು. ಆಮೇಲೆ ಮುಚ್ಚಳ ಎತ್ತಲು ಇರುವ ತೂತಿನಿಂದ ನೀರು ಒಂದು ಗೇಣು ಮೇಲಕ್ಕೆ ಚಿಮ್ಮುತ್ತದೆ. ಕೊನೆಗೆ ಮುಚ್ಚಳವೇ ಟಕ್ ಟಕ್ ಅಂತ ಬಡಿದುಕೊಳ್ಳಲು ಶುರು. ಆ ನೀರು ನಮ್ಮ ಗೇಟಿನ ಅಡಿಯಿಂದ ಅಂಗಳಕ್ಕೆ ಬರುತ್ತದೆ, ತುಳಸಿಕಟ್ಟೆ ಸುತ್ತಿ ಹಿಂದಿನ ತೋಟಕ್ಕೆ ಇಳಿಯುತ್ತದೆ. ಬಾವಿ ಇರುವುದು ಅಲ್ಲಿಂದ ಹನ್ನೆರಡು ಅಡಿ ದೂರದಲ್ಲಿ. ಹೋದ ವರ್ಷ ಜುಲೈಯಲ್ಲಿ ಎರಡು ವಾರ ಬಾವಿ ನೀರನ್ನು ಪಾತ್ರೆ ತೊಳೆಯಲೂ ಮುಟ್ಟಲಿಲ್ಲ. ಅಮ್ಮನಿಗೆ ಎಪ್ಪತ್ನಾಲ್ಕು ವರ್ಷ. ಮಳೆ ನಿಂತ ಕೂಡಲೇ ಬ್ಲೀಚಿಂಗ್ ಪೌಡರ್ ಡಬ್ಬ ಹಿಡಿದುಕೊಂಡು ಅಂಗಳಕ್ಕೆ ಇಳಿಯುತ್ತಾರೆ. ಬೇಡ ಅಂದರೂ ಕೇಳುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ವಾರ್ಡ್ ಸಮಿತಿ ಸಭೆಯಲ್ಲಿ ಒಂದು ಪ್ರಸ್ತಾವನೆ ತೋರಿಸಿದರು. ಈಗಿರುವ 150 ಮಿ.ಮೀ. ಪೈಪ್ ತೆಗೆದು ಸುಮಾರು 640 ಮೀಟರ್ ಉದ್ದಕ್ಕೆ 300 ಮಿ.ಮೀ. ಪೈಪ್ ಹಾಕುವುದು, ಕೆಳಗಿನ ವೆಟ್‌ವೆಲ್‌ಗೆ (ಕೊಳಚೆ ಬಂದು ಸೇರುವ, ಅಲ್ಲಿಂದ ಪಂಪ್ ಮಾಡುವ ಗುಂಡಿ) ಇನ್ನೂ ದೊಡ್ಡ ಪಂಪ್ ಕೂರಿಸುವುದು. ಎಲ್ಲರಿಗೂ ಖುಷಿ. ಹದಿನೈದು ದಿನದೊಳಗೆ ಲಿಖಿತ ಅಭಿಪ್ರಾಯ ಕೊಡಿ ಅಂದಿದ್ದಾರೆ, ಬರೆಯುವ ಜವಾಬ್ದಾರಿ ನನ್ನ ಮೇಲೆ ಬಂದಿದೆ.

ನಾನು ಬಿ.ಕಾಂ. ಓದಿದವನು, ಬ್ಯಾಂಕಿನಲ್ಲಿ ಕೆಲಸ. ಲೆಕ್ಕ ಹೇಗೆ ಅಂತ ಹೇಳಿಕೊಟ್ಟರೆ ಮಾಡಬಲ್ಲೆ. ಆದರೆ ಒಳಚರಂಡಿ ಯೋಜನೆ ಸರಿಯೋ ತಪ್ಪೋ ಅಂತ ಹೇಗೆ ನೋಡುವುದು, ಅದು ಗೊತ್ತಿಲ್ಲ. 150ಕ್ಕಿಂತ 300 ಒಳ್ಳೆಯದು ಅಂತ ಸುಮ್ನೆ ಸಹಿ ಹಾಕಿಬಿಡಬಹುದಾ? ರಸ್ತೆ ಅಗೆದು ಒಂದು ವರ್ಷ ಕೆಸರಲ್ಲಿ ನಡೆದು, ಮುಂದಿನ ಜೂನ್‌ನಲ್ಲಿ ಮತ್ತೆ ಅದೇ ಮುಚ್ಚಳ ಬಡಿದುಕೊಂಡರೆ ಎಂತ ಮಾಡುವುದು? ನಮ್ಮ ಲೈನಿಗೆ ಸೇರುವ ಮನೆಗಳನ್ನು ಎಣಿಸಿದ್ದೇನೆ, ಅಪಾರ್ಟ್‌ಮೆಂಟಿನ ಫ್ಲ್ಯಾಟ್‌ಗಳೂ ಸೇರಿ 420. ತಿಳಿದವರು ದಯವಿಟ್ಟು ಹೇಳಿ.

ಹಳೇ ಇಂಜಿನಿಯರ್, ಕದ್ರಿ ಕಡೆ

ನಿಮ್ಮ ಬರಹ ಎರಡು ಸಲ ಓದಿದೆ. ನಾನು ಮೂವತ್ತೊಂದು ವರ್ಷ ಕರಾವಳಿಯ ಊರುಗಳಲ್ಲಿ ನೀರು, ಒಳಚರಂಡಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ಉತ್ತರ ನೀವು ಬರೆದದ್ದರಲ್ಲೇ ಇದೆ. "ಬೇಸಿಗೆಯಲ್ಲಿ ಉಂಟು ಅಂತಲೇ ನೆನಪಾಗುವುದಿಲ್ಲ" ಅಂದಿರಲ್ಲ, ಅದೇ ಮುಖ್ಯ ಮಾತು. ಮನೆಯ ಕೊಳಚೆ ನೀರು ಏಪ್ರಿಲ್‌ನಲ್ಲೂ ಅಷ್ಟೇ, ಜುಲೈಯಲ್ಲೂ ಅಷ್ಟೇ. ಜುಲೈಯಲ್ಲಿ ಮಾತ್ರ ಉಕ್ಕುತ್ತದೆ ಅಂದರೆ ಆ ಪೈಪಿನಲ್ಲಿ ಬರುತ್ತಿರುವುದು ಕೊಳಚೆ ಅಲ್ಲ, ಮಳೆ. ಹಾಗಾದರೆ ಪೈಪ್ ಸಣ್ಣದಾಯಿತಾ, ಅಥವಾ ಬರಬಾರದ ನೀರು ಬರುತ್ತಿದೆಯಾ? ಇದು ತೀರ್ಮಾನ ಆಗುವ ಮೊದಲು ಯಾರೂ ಸಹಿ ಹಾಕಬಾರದು.

ಬ್ಯಾಂಕಿನವರು ಅಂದಿರಿ, ಲೆಕ್ಕವನ್ನೇ ಮೊದಲು ಇಡುತ್ತೇನೆ.

420 ಮನೆ, ಮನೆಗೆ ನಾಲ್ಕೂವರೆ ಜನ ಅಂತ ಹಿಡಿಯಿರಿ. ಸುಮಾರು 1,900 ಜನ. ಒಳಚರಂಡಿ ಇರುವ ಊರಿಗೆ ತಲಾ ದಿನಕ್ಕೆ 135 ಲೀಟರ್ ನೀರು ಅಂತ ನಮ್ಮ ದೇಶದಲ್ಲಿ ಲೆಕ್ಕ ಹಾಕುವ ಪದ್ಧತಿ. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಚರಂಡಿಗೆ ಬರುತ್ತದೆ, ಅಂದರೆ 108 ಲೀಟರ್. ಒಟ್ಟು ದಿನಕ್ಕೆ ಸುಮಾರು 2 ಲಕ್ಷ 5 ಸಾವಿರ ಲೀಟರ್. ಸೆಕೆಂಡಿಗೆ ಭಾಗಿಸಿದರೆ 2.4 ಲೀಟರ್ ಆಸುಪಾಸು. ಆದರೆ ನೀರು ಇಡೀ ದಿನ ಒಂದೇ ಸಮ ಬರುವುದಿಲ್ಲ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಎಲ್ಲರ ಸ್ನಾನ, ಎಲ್ಲರ ಪಾತ್ರೆ. ಅದಕ್ಕೆ ಸಣ್ಣ ಪ್ರದೇಶಗಳಿಗೆ ಸರಾಸರಿಯ ಮೂರು ಪಟ್ಟು ಹಿಡಿಯಬೇಕು. ಹಾಗೆ ಹಿಡಿದರೂ ಸೆಕೆಂಡಿಗೆ 7 ಲೀಟರ್ ಚಿಲ್ಲರೆ. ಇದು ನಿಮ್ಮ ರಸ್ತೆಯ ಕೊಳಚೆಯ ಅತಿ ಹೆಚ್ಚಿನ ಹರಿವು.

ಈಗ ಪೈಪ್ ನೋಡಿ. 150 ಮಿ.ಮೀ. ಪೈಪನ್ನು 170ಕ್ಕೆ 1ರ ಇಳಿಜಾರಿನಲ್ಲಿ (170 ಮೀಟರ್ ಹೋಗುವಾಗ 1 ಮೀಟರ್ ಇಳಿಯುವ ಹಾಗೆ) ಹಾಕಿದ್ದರೆ ಅದು ಸೆಕೆಂಡಿಗೆ 11 ಲೀಟರ್ ಸಾಗಿಸುತ್ತದೆ. ಗುಡ್ಡೆ ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಅಂದರೆ ಬೆಳಗಿನ ಗಡಿಬಿಡಿಯಲ್ಲೂ ಪೈಪ್ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ ಹರಿಯುತ್ತದೆ, ಅಷ್ಟೇ. ಬೇಸಿಗೆಯಲ್ಲಿ ನಿಮಗೆ ತೊಂದರೆ ಇಲ್ಲದಿರುವುದು ಇದಕ್ಕೇ.

ಇನ್ನು ಮಳೆ. 1,200 ಚದರಡಿಯ ಒಂದು ಮನೆಯ ಮಾಡು (ಚಾವಣಿ) ತೆಗೆದುಕೊಳ್ಳಿ, ಸುಮಾರು 111 ಚದರ ಮೀಟರ್. ಗಂಟೆಗೆ 50 ಮಿ.ಮೀ. ವೇಗದಲ್ಲಿ ಮಳೆ ಹೊಡೆದರೆ (ನಮ್ಮಲ್ಲಿ ಜೋರು ಮಳೆಗೆ ಇದೇನು ದೊಡ್ಡದಲ್ಲ) ಆ ಒಂದು ಮಾಡಿನಿಂದ ಗಂಟೆಗೆ 5,500 ಲೀಟರ್ ಬೀಳುತ್ತದೆ. ಸೆಕೆಂಡಿಗೆ ಒಂದೂವರೆ ಲೀಟರ್. ಐದು ಮನೆಯ ಮಾಡಿನ ನೀರು ಸೇರಿದರೆ ಏಳೂವರೆ ಲೀಟರ್ ದಾಟಿತು.

ಇನ್ನೊಮ್ಮೆ ಓದಿ. ಐದೇ ಐದು ಮಾಡಿನ ಪೈಪ್ ಒಳಚರಂಡಿಯ ಚೇಂಬರಿಗೆ ಬಿಟ್ಟಿದ್ದರೆ ಸಾಕು, ಅದು 420 ಮನೆಯವರ ಬೆಳಗಿನ ಕೊಳಚೆಗಿಂತ ಜಾಸ್ತಿ. ನನ್ನ ಇಡೀ ನೌಕರಿಯಲ್ಲಿ ಜನರಿಗೆ ಹೇಳಿ ಒಪ್ಪಿಸಲು ಅತಿ ಕಷ್ಟವಾದದ್ದು ಈ ಒಂದು ಲೆಕ್ಕ. "ಒಂದು ಪೈಪ್ ಅಲ್ವಾ ಸಾರ್, ಅದರಿಂದ ಏನಾಗುತ್ತದೆ" ಅನ್ನುತ್ತಾರೆ. ಒಂದು ಪೈಪಿನಿಂದಲೇ ಆಗುತ್ತದೆ.

ನಮ್ಮ ಒಳಚರಂಡಿಯನ್ನು ಕೊಳಚೆಗೆ ಮಾತ್ರ ಅಂತ ಮಾಡಿರುವುದು. ಮಳೆ ನೀರಿಗೆ ಬೇರೆ ದಾರಿ ಇದೆ: ರಸ್ತೆ ಬದಿ ಚರಂಡಿ, ತೋಡು, ರಾಜಕಾಲುವೆ, ಹೊಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮಳೆ ಬೀಳುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವ ಊರಿನಲ್ಲಿ ಎರಡನ್ನೂ ಒಂದೇ ಪೈಪಿನಲ್ಲಿ ಒಯ್ಯಲು ಹೊರಟರೆ 300 ಅಲ್ಲ, 900 ಹಾಕಿದರೂ ಸಾಲದು.

300ರ ಬಗ್ಗೆ ಇನ್ನೊಂದು ಮಾತು, ಇದನ್ನು ಸಭೆಯಲ್ಲಿ ಯಾರೂ ಕೇಳಿರಲಾರರು. ದೊಡ್ಡ ಪೈಪನ್ನು ಸಾಮಾನ್ಯವಾಗಿ ಕಮ್ಮಿ ಇಳಿಜಾರಿನಲ್ಲಿ ಹಾಕುತ್ತಾರೆ. 400ಕ್ಕೆ 1 ಅಂತ ಇಟ್ಟುಕೊಳ್ಳಿ. ಕೊಳಚೆ ತನ್ನ ಕಸವನ್ನು ತಾನೇ ಎಳೆದುಕೊಂಡು ಹೋಗಬೇಕಾದರೆ ದಿನಕ್ಕೆ ಒಮ್ಮೆಯಾದರೂ ಸೆಕೆಂಡಿಗೆ 0.6 ಮೀಟರ್ ವೇಗ ಸಿಗಬೇಕು. ನಿಮ್ಮ 7 ಲೀಟರ್ ನೀರು ಆ ಅಗಲದ ಪೈಪಿನ ತಳದಲ್ಲಿ ತೆಳ್ಳಗೆ ಹರಡಿ ಹೋಗುತ್ತದೆ, ವೇಗ ಅರ್ಧ ಮೀಟರ್ ಕೂಡ ದಾಟುವುದಿಲ್ಲ. ಮರಳು, ಎಣ್ಣೆ ಜಿಡ್ಡು, ಗಂಜಿ ಎಲ್ಲ ತಳದಲ್ಲೇ ಕೂರುತ್ತದೆ. ಎಂಟು ತಿಂಗಳು ಕೂತ ಕಸ ಮೊದಲ ಮಳೆಗೆ ಒಟ್ಟಿಗೆ ಎದ್ದು ಬಂದು ನಿಮ್ಮ ಗೇಟಿನ ಎದುರಿನ ಸಮತಟ್ಟಿನಲ್ಲೇ ಕಟ್ಟಿಕೊಳ್ಳುತ್ತದೆ. ಮುಂದಿನ ಮೂವತ್ತು ವರ್ಷಕ್ಕೆ ಜನ ಎರಡರಷ್ಟಾಗುತ್ತಾರೆ ಅಂತ ಹಿಡಿದರೂ 14 ಲೀಟರ್. ಅದಕ್ಕೆ 250ಕ್ಕೆ 1ರ ಇಳಿಜಾರಿನ 200 ಮಿ.ಮೀ. ಪೈಪ್ ಸಾಕು. 300 ಯಾಕೆ ಬಂತು ಅಂತ ಕೇಳಿ. ಗುಡ್ಡೆಯ ಆಚೆ ಬದಿಯ ಬಡಾವಣೆಗಳನ್ನೂ ಇದೇ ಲೈನಿಗೆ ತರುವ ಯೋಚನೆ ಇದ್ದರೆ ಸರಿ ಇರಬಹುದು, ಆಗ ಆ ಜನಸಂಖ್ಯೆಯನ್ನು ಬರೆದು ತೋರಿಸಲಿ. ಮಳೆ ನೀರನ್ನೂ ಹೊರಲಿ ಅಂತ ದೊಡ್ಡದು ಮಾಡಿದ್ದರೆ ಒಪ್ಪಬೇಡಿ.

ಹಳೆಯ ಒಂದು ನೆನಪು ಹೇಳುತ್ತೇನೆ. ಕರಾವಳಿಯ ಒಂದು ಊರಿನಲ್ಲಿ ಇದೇ ತರಹದ ತಕರಾರು ಬಂದಾಗ ನಾವು ಹೊಗೆ ಪರೀಕ್ಷೆ ಮಾಡಿದೆವು. ಎರಡು ಮ್ಯಾನ್‌ಹೋಲ್ ನಡುವಿನ ಲೈನನ್ನು ಎರಡೂ ಕಡೆ ಮುಚ್ಚಿ, ಬ್ಲೋವರ್ ಇಟ್ಟು ಹೊಗೆ ಊದುವುದು. ಪೈಪಿಗೆ ಎಲ್ಲೆಲ್ಲಿ ಸಂಪರ್ಕ ಇದೆಯೋ ಅಲ್ಲೆಲ್ಲ ಹೊಗೆ ಏಳುತ್ತದೆ. ಬೆಳಿಗ್ಗೆ ಹತ್ತು ಗಂಟೆ, ಬಿಸಿಲು ಇತ್ತು. ಮೂರನೇ ನಿಮಿಷಕ್ಕೆ ಒಂದು ಹಂಚಿನ ಮನೆಯ ದಂಬೆಯ (ಮಾಡಿನ ನೀರು ಹಿಡಿಯುವ ದೋಣಿ) ಬಾಯಿಂದ ಬಿಳಿ ಹೊಗೆ ಎದ್ದಿತು. ಹಿಂದೆಯೇ ಪಕ್ಕದ ತಾರಸಿ ಮನೆಯ ಮೂಲೆಯಿಂದ, ಆಮೇಲೆ ಎದುರು ಮನೆಯ ಬಾವಿಕಟ್ಟೆ ಪಕ್ಕದ ಜಾಲರಿಯಿಂದ. ಮನೆಯ ಅಜ್ಜಿಯೊಬ್ಬರು ಬೆಂಕಿ ಅಂತ ಹೆದರಿ ಕೊಡಪಾನ ಹಿಡಿದು ಓಡಿ ಬಂದರು. ಅವರನ್ನು ಕೂರಿಸಿ ವಿಷಯ ಹೇಳಿದೆವು. ಅದೇ ಸಂಜೆ ಅಜ್ಜಿಯೇ ಮುಂದೆ ನಿಂತು ಮಗನ ಹತ್ತಿರ ಆ ಪೈಪ್ ಬೇರೆ ಮಾಡಿಸಿದರು.

ಹೊಗೆ ಯಂತ್ರ ನಿಮ್ಮ ಕೈಯಲ್ಲಿ ಇಲ್ಲ, ಬೇಡ. ಬಣ್ಣದ ನೀರು ಸಾಕು. ಮಾಡಿನ ನೀರು ಇಳಿಯುವ ಪೈಪಿಗೆ ಒಂದು ಬಕೆಟ್ ಬಣ್ಣದ ನೀರು ಹಾಕಿ, ಆ ಮನೆಯ ಕಂಪೌಂಡಿನ ಒಳಗಿನ ಚೇಂಬರಿನಲ್ಲಿ ಬಣ್ಣ ಕಾಣುತ್ತದಾ ನೋಡಿ. ಮನೆಯವರ ಒಪ್ಪಿಗೆ ಕೇಳಿಯೇ ಮಾಡಿ.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ನೀವಾಗಿ ತೆಗೆಯಬೇಡಿ. ಯಾರನ್ನೂ ಇಳಿಸಬೇಡಿ, ಎಷ್ಟು ಹಣ ಕೊಡುತ್ತೇನೆ ಅಂದರೂ ಬೇಡ. ಒಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆ ತರ ವಾಸನೆ ಬರುತ್ತದೆ. ಪ್ರಮಾಣ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಆಗಲೇ ಜೀವ ಹೋಗುವುದು. ರಕ್ಷಣೆಯ ಸಲಕರಣೆ ಇಲ್ಲದೆ ಜನರನ್ನು ಇಳಿಸುವುದು 2013ರ ಕಾಯಿದೆ ಪ್ರಕಾರ ಅಪರಾಧ ಕೂಡ.

ಪಂಪಿನವ

ಇಂಜಿನಿಯರ್ ಸಾರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಒಂದು ವೆಟ್‌ವೆಲ್‌ನಲ್ಲಿ ಪಂಪ್ ನೋಡಿಕೊಳ್ಳುವವ, ಯಾವ ಕಡೆ ಅಂತ ಬೇಡ. ಓದಿದ್ದು ಐಟಿಐ.

ಅಣ್ಣ, ನಿಮಗೆ ಬೇಕಾದ ಸಾಕ್ಷಿ ವೆಟ್‌ವೆಲ್‌ನ ಪುಸ್ತಕದಲ್ಲಿ ಇರುತ್ತದೆ. ಪಂಪ್ ಎಷ್ಟು ಹೊತ್ತಿಗೆ ಹಾಕಿದ್ದು, ಎಷ್ಟು ಹೊತ್ತಿಗೆ ನಿಲ್ಲಿಸಿದ್ದು ಅಂತ ನಾವು ದಿನಾ ಬರೆಯುತ್ತೇವೆ. ಏಪ್ರಿಲ್ ತಿಂಗಳ ಒಂದು ವಾರ, ಜುಲೈ ತಿಂಗಳ ಒಂದು ವಾರ, ಎರಡರ ನಕಲು ಕೇಳಿ ತೆಗೆದುಕೊಳ್ಳಿ. ನನ್ನಲ್ಲಿ ಬೇಸಿಗೆಯಲ್ಲಿ ಒಂದು ಪಂಪ್ ಅರ್ಧ ದಿನ ಓಡಿದರೆ ಬೇಕಾದಷ್ಟಾಯಿತು. ಜುಲೈ-ಆಗಸ್ಟ್‌ನ ಆಟಿ ತಿಂಗಳ ಮಳೆಗೆ ಎರಡೂ ಪಂಪ್ ರಾತ್ರಿ ಹಗಲು ಓಡಿದರೂ ವೆಟ್‌ವೆಲ್‌ನ ಮಟ್ಟ ಇಳಿಯುವುದಿಲ್ಲ. ನೀರು ನೋಡಿದರೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಕಪ್ಪು. ಮಳೆಗಾಲದಲ್ಲಿ ಕೆಂಪು, ನಮ್ಮ ಗುಡ್ಡೆ ಮಣ್ಣಿನ ಕೆಂಪು.

ಇನ್ನೊಂದು, ರಾತ್ರಿ ಎರಡರಿಂದ ನಾಲ್ಕು ಗಂಟೆಯ ಲೆಕ್ಕ ನೋಡಿ. ಆ ಹೊತ್ತಿಗೆ ಯಾರೂ ಸ್ನಾನ ಮಾಡುವುದಿಲ್ಲ. ಮಳೆ ನಿಂತು ಎರಡು ದಿನ ಆದ ಮೇಲೂ ಆ ಹೊತ್ತಿಗೆ ನೀರು ಧಾರಾಳ ಬರುತ್ತಿದ್ದರೆ ಅದು ಮಾಡಿನ ನೀರಲ್ಲ, ನೆಲದೊಳಗಿನ ಒರತೆ. ಹಳೇ ಸ್ಟೋನ್‌ವೇರ್ ಪೈಪಿನ ಜೋಡಣೆ ಬಿಟ್ಟಿರುತ್ತದೆ, ಇಟ್ಟಿಗೆ ಮ್ಯಾನ್‌ಹೋಲ್ ಗೋಡೆಯಿಂದ ಬುಗುಬುಗು ಬರುತ್ತದೆ. ಅದಕ್ಕೆ ಪೈಪ್ ಬದಲಿಸುವುದು ನ್ಯಾಯವೇ. ಮಳೆ ಬರುವಾಗ ಏರಿ, ನಿಂತು ಒಂದೆರಡು ಗಂಟೆಗೆ ಇಳಿದರೆ ಅದು ಮಾಡಿನ ನೀರು, ಅಂಗಳದ ನೀರು.

ಇಷ್ಟು ದೊಡ್ಡ ಪಂಪ್ ಹಾಕಿ ಆ ಮಳೆ ನೀರನ್ನು ಎತ್ತಿ ಎಲ್ಲಿಗೆ ಕಳಿಸುವುದು? ಶುದ್ಧೀಕರಣ ಘಟಕಕ್ಕೆ. ಅಲ್ಲಿ ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ಸಾಕಿರುತ್ತಾರೆ. ಮಳೆ ನೀರು ನುಗ್ಗಿದರೆ ಅವುಗಳಿಗೆ ತಿನ್ನಲು ಇಲ್ಲ, ನೀರಿನ ರಭಸಕ್ಕೆ ಕೊಚ್ಚಿಕೊಂಡೂ ಹೋಗುತ್ತವೆ. ಕರೆಂಟು ಬಿಲ್ ಬೇರೆ.

ರಾತ್ರಿ ಎರಡು ಗಂಟೆಗೆ ಜೋರು ಮಳೆಯಲ್ಲಿ ಕರೆಂಟು ಹೋಗಿ, ಜನರೇಟರ್ ಹತ್ತಿಕೊಳ್ಳುವವರೆಗೆ ಆ ನೀರು ಮೇಲೆ ಮೇಲೆ ಬರುವುದನ್ನು ಟಾರ್ಚ್ ಹಿಡಿದು ನೋಡುತ್ತಾ ನಿಂತಿದ್ದೇನೆ. ಮೆಟ್ಟಿಲು ಒಂದೊಂದೇ ಮುಳುಗುತ್ತದೆ. ಮೇಲೆ ಯಾರ ಮನೆ ಅಂಗಳಕ್ಕೆ ನುಗ್ಗುತ್ತಿದೆಯೋ ಅಂತ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಬಾವಿಕಟ್ಟೆ, ಉಡುಪಿ

ಮಂಗಳೂರಿನವರ ಚರ್ಚೆಯಲ್ಲಿ ನಾನು ಉಡುಪಿಯವಳು ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯೂ ತೋಡಿನ ಬದಿ, ನಮ್ಮದೂ ಬಾವಿ ನೀರೇ. ಎರಡೂ ಊರಿನ ನೆಲ ಒಂದೇ ತರ ಅಲ್ವಾ, ಮೇಲೆ ಮುರಕಲ್ಲು, ಅದರ ತುಂಬ ತೂತು. ಮಳೆಗಾಲದಲ್ಲಿ ನಮ್ಮ ಬಾವಿಯಲ್ಲಿ ನೀರು ಕೈಗೆ ಎಟಕುವಷ್ಟು ಮೇಲೆ ಬರುತ್ತದೆ, ಹಗ್ಗವೇ ಬೇಡ. ತೋಡಿನಲ್ಲಿ ಹರಿದದ್ದು ಬಾವಿಗೆ ಬರಲು ಹೆಚ್ಚು ದಿನ ಬೇಕಿಲ್ಲ.

ನಾಲ್ಕು ವರ್ಷದ ಹಿಂದೆ ಮನೆಯಲ್ಲಿ ಎಲ್ಲರಿಗೂ ಒಬ್ಬರ ಹಿಂದೆ ಒಬ್ಬರಿಗೆ ಹೊಟ್ಟೆ ಹಾಳಾಯಿತು. ನೀರು ಪರೀಕ್ಷೆಗೆ ಕೊಟ್ಟೆವು. ಮಲದ ಬ್ಯಾಕ್ಟೀರಿಯಾ ಇದೆ, ಕುದಿಸದೆ ಕುಡಿಯಬೇಡಿ ಅಂತ ಬಂತು. ಅಜ್ಜನ ಕಾಲದ ಬಾವಿ. ಮದುವೆಯಾಗಿ ಬಂದ ದಿನ ಅದರ ನೀರನ್ನೇ ಕೊಟ್ಟು ಒಳಗೆ ಕರೆದಿದ್ದರು. ಆ ಚೀಟಿ ಓದಿ ಅತ್ತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ತಗ್ಗಿನಮನೆಯವರೇ, ನಿಮ್ಮ ಅಭಿಪ್ರಾಯ ಪತ್ರದಲ್ಲಿ ಬಾವಿಗಳ ಲೆಕ್ಕ ಸೇರಿಸಿ. ಇಂತಹ ಯೋಜನೆಗಳಲ್ಲಿ ಪೈಪಿನ ಉದ್ದ, ಪಂಪಿನ ಶಕ್ತಿ ಎಲ್ಲ ಇರುತ್ತದೆ. ಆ ಲೈನಿನ ಬದಿಯಲ್ಲಿ ಎಷ್ಟು ಬಾವಿ ಇದೆ, ಅದರಲ್ಲಿ ಎಷ್ಟನ್ನು ಈಗಲೂ ಕುಡಿಯುತ್ತಾರೆ, ಅದನ್ನು ನಾನು ನೋಡಿದ ಯಾವ ಪ್ರಸ್ತಾವನೆಯಲ್ಲೂ ಬರೆದಿರಲಿಲ್ಲ. ಕೆಲಸದ ಮೊದಲು ಒಮ್ಮೆ, ಮುಗಿದು ಒಂದು ಮಳೆಗಾಲ ಕಳೆದ ಮೇಲೆ ಒಮ್ಮೆ, ಅದೇ ಬಾವಿಗಳ ನೀರು ಪರೀಕ್ಷೆ ಮಾಡಿಸಿ ಎರಡನ್ನೂ ಪಕ್ಕಪಕ್ಕ ಇಡಲಿ. ಯೋಜನೆ ಗೆದ್ದಿತಾ ಸೋತಿತಾ ಅಂತ ಆಗ ಗೊತ್ತಾಗುತ್ತದೆ. ಕಾಮಗಾರಿ ಮುಗಿದ ಪ್ರಮಾಣಪತ್ರ ನಮ್ಮ ಹೊಟ್ಟೆಗೆ ಏನೂ ಹೇಳುವುದಿಲ್ಲ.

ಪಂಪ್ ನಿಂತರೆ ಉಕ್ಕಿದ ನೀರಿಗೆ ದಾರಿ ಎಲ್ಲಿಗೆ ಕೊಟ್ಟಿದ್ದಾರೆ ಅಂತಲೂ ಕೇಳಿ. ನಕ್ಷೆಯಲ್ಲಿ ತೋಡಿಗೆ ಅಂತ ಸಣ್ಣ ಗೆರೆ ಇದ್ದರೆ, ಆ ತೋಡಿನ ಬದಿಯವರಿಗೆ ಅದು ತಿಳಿದಿದೆಯಾ?

ತಗ್ಗಿನಮನೆ, ಮಂಗಳೂರು

ಒಂಬತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮೆಲ್ಲರ ಉತ್ತರ ಪ್ರಿಂಟ್ ಮಾಡಿಸಿ ಓಣಿಯ ಹತ್ತು ಮನೆಗೆ ಕೊಟ್ಟೆ. ಎರಡು ಭಾನುವಾರ ಬೆಳಿಗ್ಗೆಯಿಂದ ಊಟದವರೆಗೆ ಮನೆ ಮನೆ ತಿರುಗಿದೆವು. ನಾನು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಕಾಲೇಜು ಓದುವ ಇಬ್ಬರು ಹುಡುಗರು.

ಬಣ್ಣಕ್ಕೆ ಏನು ಹಾಕುವುದು ಅಂತ ಯೋಚಿಸುತ್ತಿದ್ದಾಗ ಅಮ್ಮ ಒಳಗಿನಿಂದ ಅರಿಶಿನದ ಡಬ್ಬ ತಂದರು. ಅರಿಶಿನಕ್ಕೆ ಸುಣ್ಣ ಸೇರಿಸಿದ ಕುರ್ದಿ ನೀರು. ಒಂದು ಬಕೆಟಿಗೆ ಹಾಕಿದರೆ ರಕ್ತದಂತೆ ಕೆಂಪಾಗುತ್ತದೆ, ಯಾರ ಬಾವಿಗೂ ಗಿಡಕ್ಕೂ ತೊಂದರೆ ಇಲ್ಲ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡಿದೆ. ತಾರಸಿಯ ಪೈಪ್ ಸರಿಯಾಗಿ ರಸ್ತೆ ಚರಂಡಿಗೆ ಹೋಗುತ್ತಿತ್ತು, ಮನಸ್ಸಿಗೆ ಹಗುರಾಯಿತು. ಆಮೇಲೆ ಹಿಂಬದಿಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸುರಿದೆವು. ಹುಡುಗ ಚೇಂಬರಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಹತ್ತು ಎಣಿಸುವಷ್ಟರಲ್ಲಿ "ಬಂತು ಅಂಕಲ್" ಅಂದ. ಬಗ್ಗಿ ನೋಡಿದೆ. ಬೂದು ನೀರಿನ ಒಂದು ಬದಿಯಿಂದ ಕೆಂಪು ಗೆರೆ ನಿಧಾನಕ್ಕೆ ಬಂದು ಇಡೀ ಚೇಂಬರ್ ತುಂಬಿತು. ಒಗೆಯುವ ಕಲ್ಲಿನ ಸುತ್ತ ಸಿಮೆಂಟ್ ಹಾಕಿದ ಜಾಗ ಇದೆ, ಅದರ ಮೇಲೆ ಮಾಡು ಇಲ್ಲ. ಅಲ್ಲಿ ಬೀಳುವ ಮಳೆಯೆಲ್ಲ ಒಳಚರಂಡಿಗೆ. ಹದಿನಾರು ವರ್ಷದಿಂದ ಹಾಗೇ ಇತ್ತು. ನನ್ನ ಅಂಗಳಕ್ಕೆ ಬರುತ್ತಿದ್ದ ನೀರಿನಲ್ಲಿ ನನ್ನದೂ ಪಾಲಿತ್ತು ಅಂತ ಅವತ್ತು ಗೊತ್ತಾಯಿತು. ಅಲ್ಲಿಗೆ ಶೀಟ್ ಹಾಕಿಸಿ, ಸುತ್ತ ಒಂದು ಇಟ್ಟಿಗೆಯಷ್ಟು ಅಂಚು ಕಟ್ಟಿಸಿ ಆಯಿತು.

64 ಸ್ವಂತ ಮನೆಗಳನ್ನು ನೋಡಿದೆವು. 11 ಮನೆಗಳಲ್ಲಿ ಮಾಡಿನ ಪೈಪ್ ನೇರ ಚೇಂಬರಿಗೆ. ಯಾರೂ ಬೇಕಂತ ಮಾಡಿದ್ದಲ್ಲ. ಮನೆ ಕಟ್ಟುವಾಗ ಪ್ಲಂಬರ್ ಹತ್ತಿರ ಆಗುತ್ತದೆ ಅಂತ ಜೋಡಿಸಿದ್ದು. ಆಮೇಲೆ ಒಂದು ಅಪಾರ್ಟ್‌ಮೆಂಟ್. ಅಲ್ಲಿ ಕಾರು ನಿಲ್ಲಿಸುವ ತೆರೆದ ಅಂಗಳ ಸುಮಾರು 6,000 ಚದರಡಿ, ಅದರ ಜಾಲರಿಗಳೆಲ್ಲ ಒಳಚರಂಡಿಗೆ. ಇಂಜಿನಿಯರ್ ಸಾರ್ ಹೇಳಿಕೊಟ್ಟ ಲೆಕ್ಕ ನಾನೇ ಮಾಡಿದೆ. 50 ಮಿ.ಮೀ. ಮಳೆಗೆ ಆ ಅಂಗಳವೊಂದರಿಂದಲೇ ಸೆಕೆಂಡಿಗೆ 7.7 ಲೀಟರ್. 11 ಮನೆಯಿಂದ ಸುಮಾರು 17. ಒಟ್ಟು 24ರ ಮೇಲೆ, 11 ಲೀಟರ್ ಹಿಡಿಯುವ ಪೈಪಿಗೆ. ಕಾಗದದ ಮೇಲೆ ಆ ಅಂಕಿ ನೋಡಿದಾಗ ಮುಚ್ಚಳ ಯಾಕೆ ಬಡಿದುಕೊಳ್ಳುತ್ತದೆ ಅಂತ ಮೇಷ್ಟ್ರಿಗೂ ನನಗೂ ಒಂದೇ ಸಲ ಹೊಳೆಯಿತು.

11ರಲ್ಲಿ 7 ಮನೆಯವರು ಪೈಪ್ ಬದಲಾಯಿಸಿದ್ದಾರೆ. ಮೂರು ಮನೆಯವರು ಜಲ್ಲಿ, ಮರಳು, ಇದ್ದಿಲಿನ ಫಿಲ್ಟರ್ ಇಟ್ಟು ಆ ನೀರನ್ನು ತಮ್ಮ ಬಾವಿಗೇ ಬಿಟ್ಟರು. ಅವರಲ್ಲಿ ಒಬ್ಬರು ಅಂದರು: "ಮೇ ತಿಂಗಳಲ್ಲಿ ತುಂಬೆ ಡ್ಯಾಮಿನಲ್ಲಿ ನೀರಿಲ್ಲ ಅಂತ ದಿನ ಬಿಟ್ಟು ದಿನ ನಳ್ಳಿ ನೀರು ಕಾಯುತ್ತೇವೆ, ಜೂನ್‌ನಲ್ಲಿ ಮಾಡಿನ ನೀರನ್ನು ಗಟಾರಕ್ಕೆ ಬಿಡುತ್ತೇವೆ, ಎಂತ ಅನ್ಯಾಯ ಮಾರಾಯ್ರೆ." ಉಳಿದ ನಾಲ್ಕು ಮನೆಯವರಲ್ಲಿ ಇಬ್ಬರು ಊರಲ್ಲಿಲ್ಲ, ಇಬ್ಬರಿಗೆ ಚರಂಡಿ ಕಡೆಗೆ ಇಳಿಜಾರು ಸಿಗುತ್ತಿಲ್ಲ.

ಪಂಪಿನ ಪುಸ್ತಕದ ನಕಲಿಗೆ ಅರ್ಜಿ ಕೊಟ್ಟಿದ್ದೇನೆ. ಬಾವಿಗಳನ್ನೂ ಎಣಿಸಿದೆವು ಅಕ್ಕ: 38 ಬಾವಿ, ಅದರಲ್ಲಿ 21 ಮನೆಯವರು ಈಗಲೂ ಕುಡಿಯುತ್ತಾರೆ. ಮೇಷ್ಟ್ರು ನಕ್ಷೆಯಲ್ಲಿ ನೀಲಿ ಚುಕ್ಕೆ ಇಟ್ಟಿದ್ದಾರೆ.

ಮೊನ್ನೆ ಗುರುವಾರ ರಾತ್ರಿ ಒಂದು ಗಂಟೆ ಒಳ್ಳೆಯ ಮಳೆ ಬಂತು. ಛತ್ರಿ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಗುಳುಗುಳು ಸದ್ದು ಬಂತು. ತೂತಿನಿಂದ ನೀರೂ ಬಂತು, ನಾಲ್ಕು ಬೆರಳಿನಷ್ಟು. ಮುಚ್ಚಳ ಅಲುಗಾಡಲಿಲ್ಲ. ಅಂಗಳಕ್ಕೆ ಬರಲಿಲ್ಲ. ಅಪಾರ್ಟ್‌ಮೆಂಟ್ ಇನ್ನೂ ಬಾಕಿ ಇದೆ. ಅವರ ಸಮಿತಿಯವರು ಬರುವ ಭಾನುವಾರ ಸಂಜೆ ಮಾತಿಗೆ ಕರೆದಿದ್ದಾರೆ. ಖರ್ಚಿನ ಮಾತು ಬರುತ್ತದೆ, ಹೇಗೆ ಹೇಳಲಿ?

ಹಳೇ ಇಂಜಿನಿಯರ್, ಕದ್ರಿ ಕಡೆ

ನಿಮ್ಮ ಬರಹ ಓದಿ ತುಂಬ ಸಂತೋಷವಾಯಿತು. ಇಂತಹ ಮನೆ ಮನೆ ಸಮೀಕ್ಷೆಯನ್ನು ನಾವು ನೌಕರಿಯಲ್ಲಿದ್ದಾಗ ಎಷ್ಟೋ ಕಡೆ ಮಾಡಿಸಬೇಕಿತ್ತು. ಸಮಯ ಇಲ್ಲ ಅಂತ ಬಿಟ್ಟಿದ್ದೇವೆ, ಅದರ ನೋವು ಈಗಲೂ ಇದೆ.

ಪತ್ರದಲ್ಲಿ ಪೈಪ್ ಬೇಡ ಅಂತ ಬರೆಯಬೇಡಿ. ಮೊದಲು ಮಳೆ ನೀರಿನ ಸಂಪರ್ಕ ತೆಗೆಯುವುದು, ಆಮೇಲೆ ಒಂದು ಮಳೆಗಾಲ ಹರಿವು ಅಳೆಯುವುದು, ಆ ಅಳತೆಯ ಮೇಲೆ ಪೈಪಿನ ಗಾತ್ರ ತೀರ್ಮಾನ ಮಾಡುವುದು, ಈ ಕ್ರಮದಲ್ಲಿ ಕೇಳಿ. ಒರತೆ ನೀರು ಎಷ್ಟು ಅಂತ ಗೊತ್ತಾಗಲು ಪೈಪಿನ ಒಳಗೆ ಕ್ಯಾಮೆರಾ ಬಿಟ್ಟು ನೋಡಲಿ. ಜೋಡಣೆ ಬಿಟ್ಟಿರುವ ಕಡೆ ಮಾತ್ರ ಬದಲಿಸಿದರೂ ಸಾಕಾಗಬಹುದು. ನಿಮ್ಮ ಗೇಟಿನ ಎದುರಿನ ಸಮತಟ್ಟಿನಲ್ಲಿ ಪೈಪಿನ ತಳಮಟ್ಟ ಎಷ್ಟಿದೆ ಅಂತ ಲೆವೆಲ್ ತೆಗೆದು ತೋರಿಸಲು ಹೇಳಿ. ಇಳಿಜಾರು ಸಾಲದೆ ಇರುವುದು ಬಹುಶಃ ಅಲ್ಲೇ.

ಅಪಾರ್ಟ್‌ಮೆಂಟಿನವರಿಗೆ ಖರ್ಚು ಮೊದಲು ಹೇಳಬೇಡಿ. ಒಂದು ಬಕೆಟ್ ಕುರ್ದಿ ನೀರು ತೆಗೆದುಕೊಂಡು ಹೋಗಿ, ಅವರ ಎದುರೇ ಜಾಲರಿಗೆ ಸುರಿಯಿರಿ, ಚೇಂಬರ್ ಅವರೇ ತೆಗೆದು ನೋಡಲಿ. ಆ ಜಾಲರಿಯಿಂದ ತೋಡಿಗೆ ಎಷ್ಟು ದೂರ, ಎಷ್ಟು ಇಳಿಜಾರು ಅಂತ ನಾನು ಅಳೆದುಕೊಡುತ್ತೇನೆ. ಭಾನುವಾರ ನಾಲ್ಕು ಗಂಟೆಗೆ ಬರಬಹುದಾ? ನಿಮ್ಮ ಗೇಟಿನ ಹತ್ತಿರವೇ ಬಂದು ನಿಲ್ಲುತ್ತೇನೆ, ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್ ನನ್ನ ಹತ್ತಿರ ಇದೆ, ಅಮ್ಮನಿಗೆ ಅರಿಶಿನ ಸ್ವಲ್ಪ ಜಾಸ್ತಿ ತೆಗೆದಿಡಲು ಹೇಳಿ.